ಗ್ಯಾಸಿಗೆ ಬೆಲ್ಲದ ಕಷಾಯ

ನಮ್ಮ ಮನೆತನದಲ್ಲಿ ಯಾರಿಗೂ ಕಾಯಿಲೆ ಎಂಬುದೇ ಇರಲಿಲ್ಲ. ಇದ್ದದ್ದು ಗ್ಯಾಸು ಮಾತ್ರ. ತಲೆ ಸುತ್ತಿದರೆ ಗ್ಯಾಸು, ಕಾಲು ಜೋಮು ಹಿಡಿದರೆ ಗ್ಯಾಸು, ಕಣ್ಣು ಮಂಜಾದರೂ ಗ್ಯಾಸು ಮೇಲಕ್ಕೆ ಹೊಡೆದಿದೆ ಎನ್ನುತ್ತಿದ್ದರು.

ಈ ಪರಂಪರೆಯ ಹಿರಿಯ ನನ್ನ ದೊಡ್ಡಪ್ಪ. ನ್ಯಾಮತಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಏಳುವುದು ಊಟಕ್ಕೆ, ಊಟ ಮಾಡಿ ಬಂದರೆ ಮತ್ತೆ ಗಾದಿಯೇ. ಅವನ ಹೊಟ್ಟೆ ಅವನಿಗಿಂತ ಮೊದಲು ಗಿರಾಕಿಯನ್ನು ಮಾತಾಡಿಸುತ್ತಿತ್ತು. ಸಾಹುಕಾರನಿಗೆ ಹೊಟ್ಟೆ ಇದ್ದರೆ ಅಂಗಡಿಗೆ ಲಕ್ಷಣ ಎಂದು ಊರೂ ನಂಬಿತ್ತು, ದೊಡ್ಡಮ್ಮನೂ ನಂಬಿದ್ದಳು. ಆದರೆ ಎಪ್ಪತ್ತರ ದಶಕದ ನಡುವಿಗೆ ಆ ಹೊಟ್ಟೆ ಕೈಕೊಟ್ಟಿತು. ಬೆಳಿಗ್ಗೆ ತಿಂದ ರೊಟ್ಟಿ ಸಂಜೆಯ ತೇಗಿನಲ್ಲಿ ಹಾಜರಾಗುತ್ತಿತ್ತು. ಎರಡು ತುತ್ತಿಗೇ ಹೊಟ್ಟೆ ತುಂಬಿ, ಮೂರನೆಯದಕ್ಕೆ ವಾಕರಿಕೆ ಬರುತ್ತಿತ್ತು. ಅಡಿಗೆ ಸೋಡಾ ನೆಕ್ಕಿ ನೆಕ್ಕಿ ಬೇಸತ್ತ ಮೇಲೆ, ಹೊನ್ನಾಳಿಯಲ್ಲಿ ಹೊಸದಾಗಿ ಟೀಚರಾಗಿದ್ದ ನನ್ನನ್ನು ಕರೆದುಕೊಂಡು ಅಲ್ಲಿನ ಡಾಕ್ಟರ ಹತ್ತಿರ ಹೋದ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಆಮೇಲೆ ಮೂತ್ರ ಕೇಳಿದರು. ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಮೂತ್ರದ ಹನಿ ಬಿಟ್ಟು ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಯ ಬಣ್ಣ ಬಂತು.

"ಯಜಮಾನ್ರೇ, ಮೂಲ ಹೊಟ್ಟೇಲಿಲ್ಲ. ನಿಮಗೆ ಸಕ್ಕರೆ ಕಾಯಿಲೆ ಐತೆ. ಬಾಳ ದಿನದಿಂದ ಇದ್ದು ಹೊಟ್ಟೆ ನರಾನ ಮಂದ ಮಾಡೈತೆ. ಅದಕ್ಕೇ ಉಂಡಿದ್ದು ಅಲ್ಲೇ ಕೂರ್ತೈತೆ. ಸಕ್ಕರೆ ಹಿಡಿತಕ್ಕೆ ಬರ್ದೆ ಹೊಟ್ಟೆ ಸರಿಹೋಗಲ್ಲ. ಗುಳಿಗೆ ತಗಳ್ರಿ, ಸಿಹಿ ಬಿಡ್ರಿ, ದಿನಾ ನಡೀರಿ" ಎಂದರು.

ಬಸ್ಸು ಹತ್ತಿದ ಮೇಲೆ ದೊಡ್ಡಪ್ಪ ನನ್ನ ಕಡೆ ತಿರುಗಿ, "ಕೇಳಿದ್ಯಲ್ಲ, ಹೊಟ್ಟೆ ಮಂದ ಆಗೈತಂತೆ" ಎಂದ. ಅಷ್ಟು ಮಾತಿನಲ್ಲಿ ಅವನಿಗೆ ಬೇಕಾದ ಎರಡು ಶಬ್ದ ಮಾತ್ರ ಕಿವಿಗೆ ಬಿದ್ದಿದ್ದವು.

ಮನೆಗೆ ಬಂದ ಮೇಲೆ ನನ್ನ ಬಾಯಿಂದ ಪೂರ್ತಿ ಕೇಳಿದವಳು ದೊಡ್ಡಮ್ಮ. ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ, ಚನ್ನಗಿರಿಯ ಒಂದು ಸಂಬಂಧ ಕುದುರುತ್ತಿತ್ತು. "ಈ ಮಾತು ಹೊಸ್ತಿಲು ದಾಟಬಾರ್ದು ನೋಡು. ಅಪ್ಪಂಗೆ ಐತೆ ಅಂದ್ರೆ ಮಗಳಿಗೂ ಬರ್ತೈತೆ ಅಂತಾರೆ. ಯಾರು ಮಾಡ್ಕಂತಾರೆ ಆಮೇಲೆ? ಕೇಳಿದ್ರೆ ಗ್ಯಾಸು ಅನ್ನು" ಎಂದು ನನ್ನಿಂದ ಮಾತು ತೆಗೆದುಕೊಂಡಳು. ಗುಳಿಗೆಗಳು ಓಮದ ಡಬ್ಬಿಗೆ ಇಳಿದವು. ನೆಂಟರು ಬಂದ ದಿನ ಡಬ್ಬಿ ತೆಗೆಯುವಂತಿರಲಿಲ್ಲ. ನಮ್ಮ ಮನೆಗೆ ನೆಂಟರು ಬಾರದ ದಿನವೇ ಕಡಿಮೆ.

ನಿಶ್ಚಯದ ಊಟಕ್ಕೆ ಚನ್ನಗಿರಿಗೆ ಹೋದೆವು. ನಮ್ಮ ಕಡೆ ಬೀಗರಿಗೆ ಬಡಿಸುವುದೆಂದರೆ ಒಂದು ಕುಸ್ತಿ. ಬೇಡ ಎಂದವನ ಎಲೆಗೆ ಹಾಕಿದರೇ ಮರ್ಯಾದೆ, ಕೇಳಿ ಸುಮ್ಮನಾದರೆ ಅವಮಾನ. ಹೋಳಿಗೆಯ ಬುಟ್ಟಿ ಬಂದ ಕೂಡಲೇ ದೊಡ್ಡಪ್ಪ ಎರಡೂ ಕೈ ಎಲೆಗೆ ಅಡ್ಡ ಹಿಡಿದು, "ಬ್ಯಾಡ್ರಿ, ಹೊಟ್ಟೆ ಸರಿ ಇಲ್ಲ. ಗ್ಯಾಸು" ಎಂದ. ಪಕ್ಕದಲ್ಲಿದ್ದ ಹುಡುಗನ ತಂದೆ ಅದನ್ನೇ ಕಾಯುತ್ತಿದ್ದವರಂತೆ, "ನನಗೂ ಅದೇ ನೋಡ್ರಿ, ಗ್ಯಾಸು" ಎಂದು ತಮ್ಮ ಎಲೆಯನ್ನೂ ಮುಚ್ಚಿಕೊಂಡರು.

ಅಲ್ಲಿಗೆ ಬಚಾವಾದೆವು ಎಂದುಕೊಂಡೆ. ಆದರೆ ಹೊಟ್ಟೆ ಸರಿಯಿಲ್ಲ ಎಂದು ನಾಲ್ಕು ಜನರ ನಡುವೆ ಹೇಳಿದವನನ್ನು ನಮ್ಮ ಜನ ಬಿಡುತ್ತಾರೆಯೇ? ಹುಡುಗನ ಅಜ್ಜಿ ಎದ್ದು ಹೋಗಿ ಶುಂಠಿ ಜಜ್ಜಿ, ಮುಷ್ಟಿ ತುಂಬ ಬೆಲ್ಲ ಹಾಕಿ ಕುದಿಸಿದ ಕಷಾಯ ತಂದಳು. ಜಗಳೂರಿನಿಂದ ಬಂದಿದ್ದ ಅವರ ನೆಂಟರೊಬ್ಬರು, ಗ್ಯಾಸಿಗೆ ಬಾಳೆಹಣ್ಣು ಜೇನುತುಪ್ಪದಂಥದ್ದು ಇನ್ನೊಂದಿಲ್ಲ ಎಂದು ಎದುರಿಗೇ ಕೂತು ತಿನ್ನಿಸಿದರು. ಮದುಮಗನಾಗುವವನು ತಾನೇ ಓಡಿ ಗೋಲಿ ಸೋಡಾ ತಂದು, ನಿಂಬೆಹಣ್ಣು ಹಿಂಡಿ, ಸಕ್ಕರೆ ಕದಡಿ ಮಾವನ ಕೈಗಿಟ್ಟ. ಆ ಒಂದು ಹೋಳಿಗೆ ತಿಂದಿದ್ದರೇ ಎಷ್ಟೋ ವಾಸಿಯಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ತೊಡೆ ಚಿವುಟಿದಳು. ದೊಡ್ಡಪ್ಪ ಮಗಳ ಮುಖ ನೋಡಿದ, ಲೋಟ ಎತ್ತಿ ಗಟಗಟ ಕುಡಿದ.

ಆಮೇಲೆ ಶುರುವಾಯಿತು ಒಂದಕ್ಕೆಂದು ಹಿತ್ತಲಿನ ಯಾತ್ರೆ. ದೊಡ್ಡಪ್ಪ ಹೋದರೆ ಅಲ್ಲಿಂದ ಬೀಗರು ಬರುತ್ತಿದ್ದರು, ಬೀಗರು ಹೊರಟರೆ ದೊಡ್ಡಪ್ಪ ಎದುರಾಗುತ್ತಿದ್ದ. ನಾನು ಕೈ ತೊಳೆಯಲು ಹೋದಾಗ ಅಜ್ಜಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

"ಆ ನುಗ್ಗೆ ಬುಡದಾಗೆ ಇರುವೆ ಸಾಲು ಐತಲ್ಲ, ಅದು ನನ್ನ ಮಗಂದು. ವರ್ಷದಿಂದ ಐತೆ" ಎಂದಳು. "ಇವತ್ತು ಬಾಳೆ ಬುಡದಾಗೂ ಒಂದು ಸಾಲು ಎದ್ದೈತೆ. ನಿಮ್ಮ ದೊಡ್ಡಪ್ಪಂದಾ?"

ಸಿಟ್ಟು ತಡೆಯದೆ, "ಗೊತ್ತಿದ್ದೂ ಬೆಲ್ಲ ಯಾಕೆ ಕುಡಿಸಿದ್ರಿ ಅಜ್ಜಿ?" ಎಂದೆ.

"ಕುಡಿಸ್ದಾಗ ಗೊತ್ತಿರಲಿಲ್ಲವ್ವ. ಗ್ಯಾಸು ಅಂದ್ರು, ಗ್ಯಾಸಿಗೆ ಏನು ಕೊಡ್ಬೇಕೋ ಅದನ್ನ ಕೊಟ್ಟೆ" ಎಂದು ಪಿಚಕ್ಕನೆ ಉಗಿದಳು. "ಈಗ ಗೊತ್ತಾತು. ನೀನೂ ಸುಮ್ನಿರು, ನಾನೂ ಸುಮ್ನಿರ್ತೀನಿ. ಹುಡುಗಿ ಲಕ್ಷಣವಾಗವ್ಳೆ."

ಮದುವೆ ಜೋರಾಗಿಯೇ ಆಯಿತು. ಅಕ್ಕ ಚನ್ನಗಿರಿಗೆ ಹೋದಳು. ಇನ್ನಾದರೂ ಓಮದ ಡಬ್ಬಿಗೆ ಬಿಡುಗಡೆ ಸಿಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅಕ್ಕನಿಗೆ ಅತ್ತೆಮನೆಯಲ್ಲಿ ಮಾತು ಬಂದೀತು ಎಂಬ ಹೊಸ ಭಯ ದೊಡ್ಡಮ್ಮನಿಗೆ ಹುಟ್ಟಿತ್ತು. ದೊಡ್ಡಪ್ಪನಿಗೆ ಗ್ಯಾಸು ಮುಂದುವರಿಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಅವನಿಗೆ ಹೊಟ್ಟೆಯ ಮೇಲ್ಭಾಗ ಭಾರವಾಯಿತಂತೆ, ಬೆವರು ಕಿತ್ತುಕೊಂಡು ಬಂತಂತೆ. ಗ್ಯಾಸು ಎಂದು ಸೋಡಾ ತರಿಸಿ ಕುಡಿದ. ಒಂದು ತೇಗು ಬಂತು. ದಿಂಬಿಗೆ ಒರಗಿದವನು ಏಳಲಿಲ್ಲ. ಅದು ಹೃದಯಾಘಾತ, ಸಕ್ಕರೆಯವರಿಗೆ ಎದೆನೋವು ಗೊತ್ತಾಗದೆ ಹೊಟ್ಟೆ ತೊಳಸಿದಂತೆ ಆಗುವುದುಂಟು ಎಂದು ಡಾಕ್ಟರು ಹೇಳಿದರು. ಬಂದವರಿಗೆ ದೊಡ್ಡಮ್ಮ ಹೇಳಿದ್ದು ಬೇರೆ: "ಗ್ಯಾಸು ಎದೆಗೇರಿಬಿಡ್ತು." ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಷ್ಟು ಒಳ್ಳೆಯ ಮನುಷ್ಯನನ್ನು ಎಲ್ಲರೂ ಸೇರಿ ಮರ್ಯಾದೆಯಿಂದ ಕೊಂದರು ಎನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಶಿವಗಣಾರಾಧನೆಯ ದಿನ ಅವನಿಗೆ ಇಷ್ಟವೆಂದು ಹೋಳಿಗೆ ಮಾಡಿಸಿದ್ದರು. ಬಡಿಸುತ್ತಿದ್ದವಳು ನಾನೇ. ಬೀಗರು ಎಲೆ ಮುಚ್ಚಿಕೊಂಡರು, ಅವರದು ಗೊತ್ತಿದ್ದದ್ದೇ. ಹೆಂಗಸರ ಪಂಕ್ತಿಗೆ ಬಂದೆ. ಅಕ್ಕ ಎರಡೂ ಕೈ ಎಲೆಗೆ ಅಡ್ಡ ಹಿಡಿದಳು, ಥೇಟ್ ಅವಳಪ್ಪನ ಹಾಗೆ.

"ಬ್ಯಾಡ ಕಣೇ. ಹೊಟ್ಟೆ ಸರಿ ಇಲ್ಲ" ಎಂದಳು.

ಬುಟ್ಟಿ ಕೆಳಗಿಟ್ಟು, "ಅಕ್ಕಾ, ಸಕ್ಕರೆ ಕಾಯಿಲೆನಾ?" ಎಂದು ಕೇಳಿದೆ.

ಅಕ್ಕ ಆ ಕಡೆ ಈ ಕಡೆ ನೋಡಿದಳು. ಪಕ್ಕದಲ್ಲಿ ಅವಳ ಮಗಳು ಲಂಗ ಹರಡಿಕೊಂಡು ಕೂತು ಹೋಳಿಗೆ ತಿನ್ನುತ್ತಿದ್ದಳು.

"ಮೆತ್ತಗೆ ಮಾತಾಡೇ" ಎಂದಳು ಅಕ್ಕ. "ನಾನೂ ಹೆಣ್ಣು ಹೆತ್ತಿದೀನಿ."