ದಸೂಕಿಯ ವ್ಯಾನಿಗೆ ಮೊಟ್ಟೆ ಹಾಕಿದ್ದು

ನಮ್ಮವರ ಬಾಯಲ್ಲಿ ‘ನನಗೆ ಗೊತ್ತಿಲ್ಲ’ ಅನ್ನುವ ಮಾತು ಬಂದದ್ದನ್ನು ನಾನು ಕೇಳಿಲ್ಲ. ಲಗ್ನವಾಗಿ, ಮಕ್ಕಳನ್ನು ಹೆತ್ತು, ಮೊಮ್ಮಗನನ್ನೂ ಎತ್ತಿ ಆಡಿಸಿದ್ದಾಯಿತು, ಇನ್ನೂ ಕೇಳಿಲ್ಲ. ದಾರಿ ಕೇಳಿದವನಿಗೆ ದಾರಿ ಹೇಳುತ್ತಾರೆ, ಆ ಊರಿನ ಮುಖವನ್ನೇ ತಾವು ನೋಡಿರದಿದ್ದರೂ. ಹೊಟ್ಟೆನೋವು ಅಂದವನಿಗೆ ಮದ್ದು ಹೇಳುತ್ತಾರೆ. ಮಗ ಓದುತ್ತಿಲ್ಲ ಅಂದವಳಿಗೆ ಮಗನನ್ನು ಓದಿಸುವುದು ಹೇಗೆಂದು ಹೇಳುತ್ತಾರೆ, ನಮ್ಮ ಆದಿಲ್ ಅದೇ ತರಗತಿಯಲ್ಲಿ ಎರಡು ಸಲ ಕೂತವನು. ಜಿಫ್ತಾ ಊರಿನ ನಮ್ಮ ಬೀದಿಯಲ್ಲಿ ಅವರದು ಇಸ್ತ್ರಿ ಅಂಗಡಿ. ಇಸ್ತ್ರಿ ಅಂಗಡಿಗೆ ಎಲ್ಲರ ಬಟ್ಟೆಯೂ ಬರುತ್ತದೆ, ಬಟ್ಟೆಯ ಜೊತೆ ಎಲ್ಲರ ಮಾತೂ ಬರುತ್ತದೆ. ಡಾಕ್ಟರ ಬಿಳಿ ಕೋಟು ತಂದವನು ಎರಡು ಮಾತಾಡಿ ಹೋದರೆ ಇವರು ಅರ್ಧ ಡಾಕ್ಟರು. ವಕೀಲರ ಕರಿ ಕೋಟು ಬಂದ ದಿನ ಪೂರ್ತಿ ವಕೀಲರು. ಹೆಸರು ರಜಬ್. ಬೀದಿಯವರು ಬೆನ್ನ ಹಿಂದೆ ಇಟ್ಟಿರುವ ಹೆಸರು ಬೇರೆ, ಅದನ್ನು ಹೆಂಡತಿಯಾದ ನಾನು ಹೇಳುವುದಿಲ್ಲ.

ಹಾಗಂತ ಕೆಟ್ಟವರಲ್ಲ. ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದು ಅವರ ತಾಯಿ ಹೇಳಿಕೊಟ್ಟ ಬುದ್ಧಿ. ಕೊಡಲು ಬೇರೇನೂ ಇಲ್ಲದವರು ಉತ್ತರ ಕೊಡುತ್ತಾರೆ. ಇಷ್ಟು ವರ್ಷ ಅದರಿಂದ ಯಾರ ಮನೆಯೂ ಮುಳುಗಿರಲಿಲ್ಲ. ಎಲ್ಲರೂ ಕೇಳಿ, ತಲೆಯಾಡಿಸಿ, ಆಮೇಲೆ ತಮಗೆ ಬೇಕಾದದ್ದನ್ನೇ ಮಾಡುತ್ತಿದ್ದರು. ಇವರ ಮಾತನ್ನು ನಂಬಿದಂತೆ ನಡೆದುಕೊಂಡವರು ಒಬ್ಬರೇ, ದಸೂಕಿ ಅಣ್ಣ.

ದಸೂಕಿ ಅಣ್ಣ ಮತ್ತು ನಮ್ಮವರು ಒಂದೇ ದಿನ ಸುನ್ನತಿ ಆದವರು, ಒಂದೇ ಬೆಂಚಿನಲ್ಲಿ ಕೂತು ಒಟ್ಟಿಗೇ ಫೇಲಾದವರು. ಅಣ್ಣನಿಗೆ ಒಂದು ಹಳೇ ವ್ಯಾನಿದೆ, ಅವರ ಮಗಳು ಶೈಮಾಳಿಗಿಂತ ಹಿರಿಯದು. ಸುತ್ತಲ ಹಳ್ಳಿಗಳಿಗೆ ಜನರನ್ನು ಹೊರುತ್ತದೆ, ಸೀಟು ಕಿತ್ತರೆ ಕಿತ್ತಳೆ ಹೊರುತ್ತದೆ, ಒಂದು ಬಕ್ರೀದಿನಲ್ಲಿ ಕರುವನ್ನೂ ಹೊತ್ತಿದೆ. ಶೈಮಾಳಿಗೆ ನದಿಯಾಚೆ ಮೀತ್ ಘಮ್ರಿನ ಹುಡುಗ ಗೊತ್ತಾದ. ಹುಡುಗನಿಗೆ ತಂದೆಯಿಲ್ಲ, ದೊಡ್ಡಪ್ಪ ಹಾಜಿ ಸಬ್ರಿಯೇ ಎಲ್ಲ. ಬಟ್ಟೆ ವ್ಯಾಪಾರಿ, ನಾಲಗೆ ಕತ್ತರಿಗಿಂತ ಹರಿತ. ನಮ್ಮಲ್ಲಿ ಲಗ್ನಕ್ಕೆ ಮುಂಚೆ ಹೆಣ್ಣಿನ ಸಾಮಾನೆಲ್ಲ ಗಂಡಿನ ಮನೆಗೆ ಡೋಲು ಬಡಿದುಕೊಂಡು, ಹಾರನ್ ಹೊಡೆದುಕೊಂಡು ಮೆರವಣಿಗೆಯಲ್ಲಿ ಹೋಗಬೇಕು. ಹಾಸಿಗೆ ಎಷ್ಟು, ಫ್ರಿಜ್ ಎಷ್ಟು ಎತ್ತರ ಎಂದು ಎರಡೂ ಊರಿನವರು ಕಿಟಕಿಯಿಂದ ಲೆಕ್ಕ ಹಾಕಬೇಕು. ಮಾತುಕತೆಯ ದಿನ ಹಾಜಿ, “ಗಾಡಿ ನಾವೇ ಕಳಿಸ್ತೀವಿ ಬಿಡಿ,” ಅಂದಾಗ ಅಣ್ಣನಿಗೆ ಚುಚ್ಚಿತು.

“ನನ್ನ ಮಗಳ ಪಿಂಗಾಣಿ ನನ್ನ ವ್ಯಾನಲ್ಲೇ ಬರುತ್ತೆ ಹಾಜಿ, ಮುಂದುಗಡೆ. ಮಿಕ್ಕಿದ್ದು ಹಿಂದೆ ಲಾರೀಲಿ ಬರ್ಲಿ,” ಅಂದುಬಿಟ್ಟರು.

ಹತ್ತು ಜನರ ಎದುರು ಆಡಿದ ಮಾತು ಅದು. ಮೆರವಣಿಗೆಗೆ ಇನ್ನೇನು ಮೂರ್ನಾಲ್ಕು ದಿನ ಇದೆ ಅನ್ನುವಾಗ ವ್ಯಾನು ಹಳ್ಳಿಯಿಂದ ಬರುತ್ತಾ ನಮ್ಮ ಬೀದಿಯ ಬಾಯಲ್ಲೇ ಹಬೆ ಬಿಟ್ಟು ನಿಂತಿತು.

ನಮ್ಮವರು ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಪ್ಯಾಂಟಿನ ಪಕ್ಕ ಹಾಗೇ ನಿಲ್ಲಿಸಿ ಓಡಿದರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ.

“ಲೋ ದಸೂಕಿ, ಮುಟ್ಬೇಡ! ಇದು ರೇಡಿಯೇಟರ್ ಕಣೋ. ನನಗ್ಗೊತ್ತು,” ಎಂದು ಕೂಗುತ್ತಲೇ ತೋಳು ಮಡಚಿದರು.

“ಉಸ್ತಾ ಲಮಈಗೆ ತೋರಿಸೋಣ ಅಂತಿದ್ದೆ...” ಅಂದರು ಅಣ್ಣ. ಲಮಈ ನಮ್ಮ ಬೀದಿಯ ಮೂಲೆಯ ಮೆಕ್ಯಾನಿಕ್, ಉಸ್ತಾ ಅಂದರೆ ಮೇಸ್ತ್ರಿ.

“ಇಷ್ಟಕ್ಕೆಲ್ಲಾ ಲಮಈನಾ? ನಾನು ಸತ್ತುಹೋಗಿದೀನಾ?”

ಅಣ್ಣ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ, “ನೀನಿರೋವಾಗ ನನಗೇನು ಚಿಂತೆ,” ಎಂದು ಪಾನಾ ಪೆಟ್ಟಿಗೆ ತಂದು ಅವರ ಕಾಲ ಬಳಿ ಇಟ್ಟರು.

ನಮ್ಮವರು ವ್ಯಾನಿನ ಕೆಳಗೆ ಮಲಗಿದರು. ಒಂದು ಪೈಪು ಬಿಚ್ಚಿದರು, ಅದನ್ನು ಊದಿ ನೋಡಿ ಮತ್ತೆ ಹಾಕಿದರು. ಒಂದು ಬಿಲ್ಲೆಯಂಥದ್ದು ತೆಗೆದು, “ಇದು ಚಳಿ ದೇಶದವರಿಗೆ, ನಮಗೆ ಬೇಡ,” ಎಂದು ಪಕ್ಕಕ್ಕಿಟ್ಟರು. ಸಂಜೆ ಉಸ್ತಾ ಲಮಈ ಕೈ ಒರೆಸಿಕೊಳ್ಳುತ್ತಾ ತಾನೇ ಬಂದ.

“ದಸೂಕಿ, ನನ್ನ ಅಂಗಡಿ ತನಕ ತಳ್ಕೊಂಡ್ ಬಾ ಮಾರಾಯ. ಮಗಳ ಕೆಲಸ ಇಟ್ಕೊಂಡಿದೀಯ.”

ವ್ಯಾನಿನ ಕೆಳಗಿನಿಂದ ನಮ್ಮವರ ಎರಡು ಕಾಲು ಕಾಣುತ್ತಿದ್ದವು. ಅವು ಅಲ್ಲಾಡುವುದನ್ನು ನಿಲ್ಲಿಸಿದವು.

“ಬೇಡ ಉಸ್ತಾ,” ಅಂದರು ಅಣ್ಣ, ಕೆಳಗಿದ್ದವರಿಗೆ ಕೇಳುವಷ್ಟು ಜೋರಾಗಿ. “ರಜಬ್ ನೋಡ್ತಿದಾನೆ. ಅವನಿಗಿಂತ ಬೇಕಾ?”

ಲಮಈ ತಲೆಯೆತ್ತಿ ಬಾಲ್ಕನಿಯಲ್ಲಿದ್ದ ನನ್ನನ್ನು ನೋಡಿದ. ನಾನು ಒಣಗಿರದ ಬಟ್ಟೆಯನ್ನು ತೆಗೆದುಕೊಂಡು ಒಳಗೆ ಹೋದೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, “ನಿಮಗೆ ಕೈ ಮುಗೀತೀನಿ, ಅದನ್ನ ಬಿಟ್ಬಿಡಿ. ಹೆಣ್ಣುಮಗಳ ವಿಷಯ.”

“ನಿನಗೇನು ಗೊತ್ತು?” ಅಂದರು. ಬೆಳಿಗ್ಗೆ ಎದ್ದರೆ ಅಡುಗೆಮನೆಯ ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಇಲ್ಲ. ಮರುಭೂಮಿ ರಸ್ತೆಯ ಲಾರಿ ಡ್ರೈವರೊಬ್ಬ ಅಂಗಡಿಯಲ್ಲಿ ಹೇಳಿದ್ದನಂತೆ, ರೇಡಿಯೇಟರ್ ಸೋರಿದರೆ ಮೊಟ್ಟೆ ಒಡೆದು ಸುರಿಯಬೇಕು, ಅದು ಒಳಗೇ ಬೆಂದು ತೂತು ಮುಚ್ಚುತ್ತದೆ ಎಂದು. ಆ ಡ್ರೈವರ್ ಎಷ್ಟು ಮೊಟ್ಟೆ ಎಂದು ಹೇಳಿರಲಿಲ್ಲ. ಇವರು ಬುಟ್ಟಿಯೆಲ್ಲ ಖಾಲಿ ಮಾಡಿದ್ದರು. ವ್ಯಾನು ಸ್ಟಾರ್ಟ್ ಆಯಿತು, ಸೋರುವುದೂ ನಿಂತಿತು. ನಮ್ಮವರು ಎದೆಯುಬ್ಬಿಸಿ ಬಂದು ಬೇಯಿಸಿದ ಫೂಲ್ ಕಾಳನ್ನು ಎರಡು ಸಲ ಹಾಕಿಸಿಕೊಂಡು ತಿಂದರು.

ಆ ಮಧ್ಯಾಹ್ನ ಅಣ್ಣನ ಹೆಂಡತಿ ಇನ್ಸಾಫ್ ಪಿಂಗಾಣಿ ಸುತ್ತಲು ನನ್ನನ್ನು ಕರೆದಳು. ಇಬ್ಬರೂ ಕೂತು ತಟ್ಟೆ ತಟ್ಟೆಗೂ ಕಾಗದ ಸುತ್ತಿದೆವು.

“ನಿನ್ನ ಗಂಡ ಏನು ಮಾಡಿದಾನೋ ದೇವರಿಗೇ ಗೊತ್ತು ಆದಿಲನವ್ವಾ,” ಅಂದಳು. “ಲಮಈ ಹತ್ರ ಹೋಗಿ ಅಂತ ನಾನು ಬಡ್ಕೊಂಡೆ. ‘ತೋಳು ಮಡಚಿ ಬಂದಿರೋ ಸ್ನೇಹಿತನ್ನ ಬೀದೀಲಿ ಎದ್ದೋಗು ಅನ್ನಕ್ಕಾಗುತ್ತೇನೇ’ ಅಂದ್ರು. ‘ವ್ಯಾನ್ ಹೋದ್ರೆ ರಿಪೇರಿ ಆಗುತ್ತೆ’ ಅಂದ್ರು.”

ನಾನು ಸುತ್ತಲು ಇನ್ನೊಂದು ತಟ್ಟೆ ಎತ್ತಿಕೊಂಡೆ. ಒಬ್ಬರಿಗೆ ಗೊತ್ತಿಲ್ಲ ಅನ್ನಲು ಬಾಯಿ ಬರುವುದಿಲ್ಲ, ಇನ್ನೊಬ್ಬರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಈ ಇಬ್ಬರು ದೊಡ್ಡಮನುಷ್ಯರ ನಡುವೆ ಆ ಹುಡುಗಿಯ ಮರ್ಯಾದೆ ಸಿಕ್ಕಿಕೊಂಡಿತ್ತು.

ಮೆರವಣಿಗೆಯ ದಿನ ವ್ಯಾನಿಗೆ ರಿಬ್ಬನ್ನು, ಗುಲಾಬಿ ಎಲ್ಲ ಕಟ್ಟಿದರು. ಮುಂದೆ ಅಣ್ಣ, ಅವರ ಪಕ್ಕ ಹೊಸ ಗಲಾಬಿಯ ನಿಲುವಂಗಿ ತೊಟ್ಟ ನಮ್ಮವರು, ಹಿಂದೆ ಪಿಂಗಾಣಿಯ ಡಬ್ಬಗಳ ನಡುವೆ ನಾನು ಮತ್ತು ಇನ್ಸಾಫ್. ನಮ್ಮ ಹಿಂದೆ ಲಾರಿಗಳು, ಡೋಲಿನವರು, ಬೀದಿಯ ಹುಡುಗರ ಮೋಟಾರ್ ಸೈಕಲ್‌ಗಳು. ಬಾಲ್ಕನಿಗಳಿಂದ ಹೆಂಗಸರು ಉಲುಲು ಎಂದು ಕೂಗಿದರು. ಊರು ದಾಟುವ ತನಕ ವ್ಯಾನು ಚೆನ್ನಾಗಿಯೇ ಓಡಿತು. ನಮ್ಮವರು ಕಿಟಕಿಯಿಂದ ಕೈ ಹೊರಗಿಟ್ಟು, ಮದುವೆ ತಮ್ಮದೇ ಅನ್ನುವ ಹಾಗೆ, ಎಲ್ಲರಿಗೂ ಸಲಾಮು ಮಾಡುತ್ತಿದ್ದರು.

ನದಿಯ ಸೇತುವೆಯ ನಟ್ಟನಡುವೆ ಒಳಗೆ ಏನೋ ಗೊಟಗೊಟ ಅಂದಿತು. ಮುಚ್ಚಳ ಢಬ್ ಎಂದು ಹಾರಿತು. ಹಬೆಯ ಜೊತೆ ಬೆಂದ ಮೊಟ್ಟೆಯ ಬಿಳಿ ಚೂರುಗಳು ಮುಂದಿನ ಗಾಜಿಗೆಲ್ಲ, ಗುಲಾಬಿಗೆಲ್ಲ ರಾಚಿದವು. ವ್ಯಾನು ನಿಂತಿತು. ವಾಸನೆಯನ್ನು ನಾನು ಬಾಯಿಬಿಟ್ಟು ಹೇಳಲಾರೆ. ಡೋಲು ನಿಂತಿತು, ಎರಡೂ ಕಡೆಯ ಬಸ್ಸುಗಳು ಹಾರನ್ ಬಾರಿಸತೊಡಗಿದವು, ಜನ ಕೆಳಗಿಳಿದು ಮೊಬೈಲು ಹಿಡಿದರು.

ನಮ್ಮನ್ನು ಎದುರುಗೊಳ್ಳಲು ಆ ತುದಿಯಲ್ಲಿ ನಿಂತಿದ್ದ ಹಾಜಿ ಸಬ್ರಿ ನೆಂಟರಿಷ್ಟರ ಸಮೇತ ನಡೆದು ಬಂದರು. ಗಾಜಿನ ಮೇಲಿನ ಒಂದು ಚೂರನ್ನು ಬೆರಳಲ್ಲಿ ತೆಗೆದು ಮೂಸಿದರು.

“ಏನ್ ಬೀಗರೇ, ನಾಷ್ಟಾ ನಮ್ಮನೇಲೇ ರೆಡಿ ಇತ್ತಲ್ಲ. ದಾರೀಲೇ ಬೇಯಿಸ್ಕೊಂಡ್ ಬಂದ್ಬಿಟ್ರಾ?”

ಸುತ್ತಲಿದ್ದವರು ಗೊಳ್ಳೆಂದರು. ಹಾಜಿಗೆ ಹುರುಪು ಬಂತು. “ಅಲ್ಲ, ಯಾವ ಮಹಾನುಭಾವ್ರು ಇದಕ್ಕೆ ಮೊಟ್ಟೆ ಹಾಕಿದ್ದು? ಹೇಳಿ, ಕೈಗೆ ಮುತ್ತು ಕೊಡ್ತೀನಿ.”

ನಾನು ನಮ್ಮವರನ್ನು ನೋಡಿದೆ. ಅವರ ಬಾಯಿ ತೆರೆಯಿತು. ನಲವತ್ತು ವರ್ಷ ನಿಲ್ಲದ ಬಾಯಿ, ಈಗ ತೆರೆದಿತ್ತು, ಒಳಗಿಂದ ಏನೂ ಬರುತ್ತಿರಲಿಲ್ಲ.

“ನಾನೇ ಹಾಜಿ,” ಅಂದರು ದಸೂಕಿ ಅಣ್ಣ.

“ನೀವಾ? ಮೆಕ್ಯಾನಿಕ್‌ಗೆ ತೋರಿಸ್ಬಾರ್ದಿತ್ತಾ?”

“ಜಿಪುಣತನ ಹಾಜಿ. ಕೂಲಿ ಉಳಿಸೋಣ ಅಂತ ನೋಡ್ದೆ.”

ಮಗಳ ಸಾಮಾನು ಕಳಿಸುವ ದಿನ, ಎರಡು ಊರಿನ ನಡುವೆ ನಿಂತು, ಬೀಗರ ಎದುರು ತಂದೆಯೊಬ್ಬ ತನ್ನನ್ನು ತಾನೇ ಜಿಪುಣ ಅಂದುಕೊಂಡ. ನಮ್ಮಲ್ಲಿ ಅದಕ್ಕಿಂತ ಕೀಳು ಮಾತಿಲ್ಲ. ಕಳ್ಳ ಅಂದುಕೊಂಡಿದ್ದರೂ ವಾಸಿಯಿತ್ತು. ಇನ್ಸಾಫ್ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರು ನಾಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಮೊಟ್ಟೆಗೆ ಹೋದ ಮಾನಕ್ಕೆ ಏನು ಕೊಡುವುದು? ಅಲ್ಲೇ ಸೇತುವೆಯಿಂದ ನೀರಿಗೆ ಹಾರಿಬಿಡೋಣ ಅನ್ನಿಸಿತು ನನಗೆ.

ಹುಡುಗರೆಲ್ಲ ಸೇರಿ ವ್ಯಾನನ್ನು ಸೇತುವೆ ದಾಟಿಸಿದರು. ನಮ್ಮವರು ಎಲ್ಲರಿಗಿಂತ ಕೆಳಗೆ ಬಗ್ಗಿ, ಯಾರ ಮುಖವೂ ಕಾಣದ ಹಾಗೆ ತಲೆಯನ್ನು ಹಿಂಬಾಗಿಲಿಗೆ ಒತ್ತಿಕೊಂಡು ತಳ್ಳಿದರು. ಒಂದು ಬಟ್ಟಲೂ ಒಡೆಯಲಿಲ್ಲ. ನಾವು ಮನೆಗೆ ಬರುವ ಮೊದಲೇ ಸೇತುವೆಯ ವಿಡಿಯೋ ಬೀದಿಗೆ ಬಂದಿತ್ತು.

ಅವತ್ತಿನಿಂದ ಇವರು ಅನ್ನ ಮುಟ್ಟಲಿಲ್ಲ. ಅಂಗಡಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ಇಸ್ತ್ರಿಯನ್ನು ಇನ್ನಷ್ಟು ಜೋರಾಗಿ ಎಳೆಯುತ್ತಿದ್ದರು. ಲಗ್ನದ ಮುನ್ನಾದಿನ, ಗೋರಂಟಿಯ ಸಂಜೆ, ನನಗೆ ತಡೆಯಲಾಗಲಿಲ್ಲ.

“ಆ ಹುಡುಗಿ ತನ್ನಪ್ಪನ ಮೇಲೆ ಮುನಿಸ್ಕೊಂಡು ಗಂಡನ ಮನೆಗೆ ಹೋಗಬೇಕಾ? ಹೋಗಿ ಹೇಳಿ. ಅವಳೊಬ್ಬಳಿಗಾದ್ರೂ ಹೇಳಿ.”

ಎದ್ದರು. ನನ್ನ ಹಿಂದೆ ಮಗುವಿನ ಹಾಗೆ ಬಂದರು. ಒಳಗೆ ಹೆಂಗಸರ ಹಾಡು, ಚಪ್ಪಾಳೆ. ಇವರು ಹೊರಗೆ ಮೆಟ್ಟಿಲ ಮೇಲೆ ನಿಂತರು, ನಾನು ಶೈಮಾಳನ್ನು ಕರೆತಂದೆ. ಹಸಿ ಗೋರಂಟಿಯ ಕೈಗಳನ್ನು ಎತ್ತಿ ಹಿಡಿದುಕೊಂಡು ಬಂದಳು.

“ಮಗಳೇ,” ಅಂದರು ಇವರು, ಕಣ್ಣು ನೆಲದಲ್ಲಿ. “ಮೊಟ್ಟೆ ಹಾಕಿದ್ದು ನಿಮ್ಮಪ್ಪ ಅಲ್ಲ. ನಾನು.”

ಅವಳು ಒಳಗಿನ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು.

“ಗೊತ್ತು ಚಿಕ್ಕಪ್ಪ. ಇಡೀ ಬೀದಿಗೇ ಗೊತ್ತು. ಹಾಜಿಗೂ ಈಗ ಗೊತ್ತು, ಲಮಈ ಹೇಳಿದ್ದಾನೆ. ನಿಮ್ಮ ಮುಂದೆ ಯಾರೂ ಬಾಯಿ ಬಿಡಬಾರದು ಅಂತ ಅಪ್ಪ ಎಲ್ಲರ ಹತ್ರ ಆಣೆ ಹಾಕಿಸ್ಕೊಂಡಿದಾರೆ.” ಆಮೇಲೆ ದನಿ ತಗ್ಗಿಸಿದಳು. “ನಾನು ಹೇಳ್ಬಿಟ್ಟೆ ಅಂತ ಅವರಿಗೆ ಹೇಳ್ಬೇಡಿ. ಎಲ್ಲರಿಗೂ ಗೊತ್ತಿರೋದು ನಿಮಗೆ ಗೊತ್ತಾಯ್ತು ಅಂದ್ರೆ ತುಂಬಾ ನೊಂದ್ಕೋತಾರೆ. ಗೊತ್ತಿಲ್ಲದ ಹಾಗೇ ಇದ್ಬಿಡಿ ಚಿಕ್ಕಪ್ಪ.”

ಇವರು ತಲೆಯಾಡಿಸಿದರು. ಕ್ಷಮಿಸು ಅನ್ನುವ ದಾರಿಯನ್ನೂ ಆ ಮನುಷ್ಯ ಮುಚ್ಚಿಬಿಟ್ಟಿದ್ದರು, ಅದೂ ಪ್ರೀತಿಯಿಂದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

ಲಗ್ನ ಆಯಿತು. ಹಾಜಿ ಎಲ್ಲರಿಗೂ ಶರಬತ್ತು ಕೊಡಿಸಿದರು, ಮೊಟ್ಟೆಯ ಮಾತೆತ್ತಲಿಲ್ಲ. ಅವರು ಎತ್ತದಿದ್ದದ್ದೇ ನಮ್ಮವರಿಗೆ ಏಟು. ಲಮಈ ವ್ಯಾನಿನ ಹೊಟ್ಟೆ ತೊಳೆದು ರಿಪೇರಿ ಮಾಡಿಕೊಟ್ಟ.

ಮೊನ್ನೆ ನಾನು ಅಂಗಡಿಗೆ ಚಹಾ ಕೊಂಡೊಯ್ದಿದ್ದೆ. ದಸೂಕಿ ಅಣ್ಣ ವ್ಯಾನನ್ನು ಎದುರಿಗೆ ನಿಲ್ಲಿಸಿ, ಲಗ್ನದಲ್ಲಿ ತೊಟ್ಟಿದ್ದ ಕೋಟನ್ನು ಇಸ್ತ್ರಿಗೆ ತಂದರು. ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಅಣ್ಣ ಅವರಿಗೆಲ್ಲ ಕೇಳುವ ಹಾಗೆ ಅಂದರು, “ರಜಬ್, ಹಿಂದಿನ ಬಾಗಿಲು ಕಿರ್ ಅಂತಿದೆ ಕಣೋ. ಏನ್ ಮಾಡೋದು? ನಿನ್ನನ್ನೇ ಕೇಳೋಣ ಅಂತ ಬಂದೆ.”

ಬೆಂಚಿನಲ್ಲಿದ್ದವರು ಚಹಾದ ಲೋಟದೊಳಗೆ ನೋಡತೊಡಗಿದರು. ನಮ್ಮವರ ಕಿವಿ ಕೆಂಪಾಯಿತು. ಈಗ ‘ನನಗೆ ಗೊತ್ತಿಲ್ಲ’ ಅನ್ನುವ ಆ ಮಾತು ಬರುತ್ತದೆ, ನನ್ನ ಜೀವಮಾನದಲ್ಲಿ ಒಮ್ಮೆ ಕೇಳುತ್ತೇನೆ ಅಂದುಕೊಂಡೆ. ಅದು ಗಂಟಲ ತನಕ ಬಂದದ್ದನ್ನು ನಾನು ಕಂಡೆ. ಆದರೆ ಅಣ್ಣ ಅವರನ್ನೇ ನೋಡುತ್ತಿದ್ದರು, ಸಣ್ಣ ಹುಡುಗನ ಹಾಗೆ, ಬೇಡಿಕೊಳ್ಳುವವರ ಹಾಗೆ.

“ಎಣ್ಣೆ,” ಅಂದರು ನಮ್ಮವರು. “ಒಂದು ತೊಟ್ಟು ಎಣ್ಣೆ ಬಿಡು ದಸೂಕಿ.”

“ನೋಡ್ರಪ್ಪಾ!” ಎಂದು ಅಣ್ಣ ಬೆಂಚಿನ ಕಡೆ ತಿರುಗಿದರು. “ನಾನು ಹೇಳಿರ್ಲಿಲ್ವಾ? ಇವನಿಗೆ ಗೊತ್ತಿರುತ್ತೆ ಅಂತ.”

ಎಲ್ಲರೂ ಹೌದೌದು ಅಂದರು. ನಮ್ಮವರು ಕೋಟನ್ನು ಹಲಗೆಯ ಮೇಲೆ ಹರಡಿ, ಅದರ ತೋಳನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ನಿಂತರು. ಇಸ್ತ್ರಿಪೆಟ್ಟಿಗೆ ಅಲ್ಲೇ ಇತ್ತು, ಅದನ್ನು ಎತ್ತಿಕೊಳ್ಳಲಿಲ್ಲ. ಅಣ್ಣನ ವ್ಯಾನು ಮೂಲೆ ತಿರುಗುವ ತನಕ ಕಾದು, ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಬಂದರು.