ಕಂಠಪ್ಪ ಕೂರಿಸಿದ ಪೈಪು

ಹುಣಸೂರಿನಲ್ಲಿ ಯಾರ ಗಾಡಿಯಾದರೂ ಡಬಡಬ ಎಂದು ಅರಚಿಕೊಳ್ಳತೊಡಗಿದರೆ ಜನ ಹೇಳುತ್ತಿದ್ದುದು ಒಂದೇ ಮಾತು: “ಕಂಠಪ್ಪನ ತಾವ ತಗೊಂಡೋಗಿ.” ಮೈಸೂರು ರಸ್ತೆಯಲ್ಲಿ ಸಾಮಿಲ್ಲುಗಳ ಸಾಲು ಮುಗಿಯುವ ಕಡೆ ಅವನ ತಗಡಿನ ಅಂಗಡಿ. ಬೋರ್ಡು ಇರಲಿಲ್ಲ. ತೂತು ಬಿದ್ದ ಹಳೆಯ ಸೈಲೆನ್ಸರುಗಳನ್ನು ಮುಂದಿನ ಕಂಬಕ್ಕೆ ತಂತಿಯಿಂದ ಕಟ್ಟಿ ಇಳಿಬಿಟ್ಟಿದ್ದ. ಹೊಸಬರು ಅದನ್ನು ನೋಡಿಕೊಂಡೇ ಗಾಡಿ ನಿಲ್ಲಿಸುತ್ತಿದ್ದರು.

ಮಿರ್ಲೆಯ ಬೇಸಾಯದ ಮನೆತನದವನು. ನಾಲೆ ನೀರಿನ ಗದ್ದೆ ಇದ್ದರೂ ಕೆಸರಿಗಿಂತ ಕಬ್ಬಿಣ ಅವನಿಗೆ ಹಿಡಿಸಿತು. ಹದಿನೇಳನೇ ವಯಸ್ಸಿಗೆ ಮೈಸೂರು ಸೇರಿ ಒಬ್ಬ ಮುದಿ ಮೇಸ್ತ್ರಿಯ ಕೈಕೆಳಗೆ ಗ್ಯಾಸ್ ವೆಲ್ಡಿಂಗ್ ಕಲಿತ. ಆಮೇಲೆ ಹುಣಸೂರಿಗೆ ಬಂದು ನೆಲೆ ನಿಂತ, ಸುನಂದಮ್ಮನನ್ನು ಮದುವೆಯಾದ. ಇಪ್ಪತ್ತು ವರ್ಷ ಟ್ರ್ಯಾಕ್ಟರು, ಜೀಪು, ಅಂಬಾಸಿಡರುಗಳ ಹೊಟ್ಟೆಯಡಿ ಅಂಗಾತ ಮಲಗಿ ಅವುಗಳ ಬಾಯಿ ಮುಚ್ಚಿಸುವುದೇ ಅವನ ಬದುಕಾಗಿತ್ತು.

ಇಂಥವನ ಅಂಗಡಿಗೆ ಎರಡು ಸಾವಿರದ ಎರಡನೇ ಇಸವಿಯ ಕೊನೆಯಲ್ಲಿ ಒಂದು ಕೆಂಪು ಕಾರು ಬಂತು. ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡಂತೆ ತಗ್ಗು. ಮಾನಂದವಾಡಿಯವನೊಬ್ಬ ಕೊಲ್ಲಿ ದೇಶದಿಂದ ಬರುವಾಗ ತಂದಿದ್ದ ಜಪಾನಿನ ಕಾರಂತೆ. ಅವನಿಂದ ಅದನ್ನು ಕೊಂಡವನು ಕಂಪಲಾಪುರದಾಚೆಯ ಹಳ್ಳಿಯ ಯತೀಶ್. ಹೊಗೆಸೊಪ್ಪು ಬೆಳೆಯುವ ನಂಜುಂಡಸ್ವಾಮಿಯವರ ಒಬ್ಬನೇ ಮಗ, ಇಪ್ಪತ್ತಾರು ವಯಸ್ಸು, ಮಾತಿಗೆ ಮುಂಚೆ ನಗುವ ಹುಡುಗ.

ಯತೀಶ್ ಹಿಂದಿನ ಸೀಟಿನಿಂದ ಒಂದು ದೊಡ್ಡ ರಟ್ಟಿನ ಡಬ್ಬ ಇಳಿಸಿದ. ಬೆಂಗಳೂರಿನಿಂದ ತರಿಸಿದ್ದ ಸಾಮಾನು. ನಾಲ್ಕು ಕೊಳವೆ ಸೇರಿ ಒಂದಾಗುವ ಮಿರಿಮಿರಿ ಸ್ಟೀಲಿನ ತುಂಡು, ತೊಡೆಗಾತ್ರದ ಸೈಲೆನ್ಸರು, ಆಲಿಕೆಯ ಆಕಾರದ ಕೆಂಪು ಏರ್ ಫಿಲ್ಟರು.

“ಕಂಠಣ್ಣ, ಇದನ್ನೆಲ್ಲ ಕೂರಿಸ್ಕೊಡ್ಬೇಕು. ಮೈಸೂರಲ್ಲಿ ನಾಕು ಕಡೆ ಕೇಳ್ದೆ. ಆಗಕಿಲ್ಲ ಅಂದ್ರು.”

ಕಂಠಪ್ಪ ಒಂದೊಂದನ್ನೇ ಎತ್ತಿ ನೋಡಿದ. “ಇದು ಈ ಕಾರಿಂದಲ್ಲ ಕಣಪ್ಪ. ಬೋಲ್ಟಿನ ತೂತೇ ಕೂಡಕಿಲ್ಲ.”

“ಅದಕ್ಕೇ ನಿಮ್ಮ ತಾವ ಬಂದಿದ್ದು.”

ಆ ಮಾತಿಗೆ ಕಂಠಪ್ಪ ಸೋತ. ಇಪ್ಪತ್ತು ವರ್ಷದಲ್ಲಿ ಅವನ ಕೈಯನ್ನು ಹಾಗೆ ಹುಡುಕಿಕೊಂಡು ಬಂದವರು ಇರಲಿಲ್ಲ.

ಕೆಲಸ ಒಂಬತ್ತು ದಿನ ಹಿಡಿಯಿತು. ಹಳೆಯ ಪೈಪನ್ನು ಕತ್ತರಿಸಿ ತೆಗೆದ. ಇಂಜಿನ್ನಿಗೆ ಕೂರುವಂತೆ ದಪ್ಪ ತಗಡಿನಲ್ಲಿ ಹೊಸ ಅಂಚು ಕೊರೆದು, ಅರದಿಂದ ಉಜ್ಜಿ ಉಜ್ಜಿ ಕೂದಲೆಳೆಯಷ್ಟೂ ಸಂದು ಬಿಡದಂತೆ ಕೂಡಿಸಿದ. ಗಾಳಿ ಎಳೆಯುವ ಹಳೆಯ ಪೆಟ್ಟಿಗೆ ಬಿಚ್ಚಿ, ಮುಂದಿನ ಜಾಲರಿಯ ಹಿಂದೆ ಹೊಸ ಫಿಲ್ಟರು ನಿಲ್ಲಲು ಒಂದು ಕಬ್ಬಿಣದ ಆಸರೆ ಬೆಸೆದ. ಯತೀಶ್ ದಿನವೂ ಬಂದು ಮರದ ಸ್ಟೂಲಿನ ಮೇಲೆ ಕೂತು ಹರಟುತ್ತಿದ್ದ. ಅವರವ್ವ ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಇಬ್ಬರೂ ಒಂದೇ ಡಬ್ಬಿಯಿಂದ ತಿನ್ನುತ್ತಿದ್ದರು. ಮಕ್ಕಳಿಲ್ಲದ ಕಂಠಪ್ಪ ಮನೆಗೆ ಹೋಗಿ ಹೆಂಡತಿಗೆ ಆ ಹುಡುಗನ ಮಾತನ್ನೇ ಆಡುತ್ತಿದ್ದ.

ತೊಡಕು ಬಂದದ್ದು ಕೊನೆಗೆ. ಪೈಪನ್ನು ಹಿಂದಿನ ಚಕ್ರದ ಆಕ್ಸಲ್ ಮೇಲಿಂದ ಬಳಸಿ ಬಂಪರಿನಾಚೆಗೆ ತೆಗೆಯಬೇಕು. ಅಷ್ಟು ದಪ್ಪ ಪೈಪನ್ನು ಹಾಗೆ ಬಾಗಿಸುವ ಮಿಷನ್ನು ಕಂಠಪ್ಪನ ಹತ್ತಿರ ಇರಲಿಲ್ಲ.

“ಮೈಸೂರಿಗೆ ಕೊಟ್ಟು ಬಾಗಿಸ್ಕಂಡು ಬರ್ಬೇಕು. ನಾಕು ದಿನ ಆಯ್ತದೆ.”

“ಅಯ್ಯೋ, ನಾಳಿದ್ದು ಫ್ರೆಂಡ್ ಮದ್ವೆ ಐತೆ ಕಂಠಣ್ಣ. ಇಲ್ಲೇ ಚಕ್ರದ ಮುಂದೆ ಸೈಡಿಗೆ ಬುಟ್ಬುಡಿ. ಸೌಂಡೂ ಜೋರಾಗಿ ಬತ್ತದೆ.”

“ಹೊಗೆ ಗಾಡಿ ಅಡೀಗೇ ಬುಟ್ಟಂಗಾಯ್ತದಲ್ಲಪ್ಪ...”

“ಓಡೋ ಗಾಡಿಗೆ ಹೊಗೆ ಎಲ್ಲಿ ನಿಲ್ತದೆ? ಬುಡಿ.”

ಕಂಠಪ್ಪ ಇನ್ನೊಂದನ್ನೂ ನೋಡಿದ್ದ. ಡ್ರೈವರ್ ಸೀಟಿನ ಕೆಳಗೆ ನೆಲದ ತಗಡು ತುಕ್ಕು ತಿಂದು ಬೆರಳು ತೂರುವಷ್ಟು ತೂತಾಗಿತ್ತು. ಅಂಟಿನ ಉಂಡೆ ಮೆತ್ತಿ, “ಇದಕ್ಕೊಂದು ತಗಡು ಬೆಸೀಬೇಕು, ಮುಂದಿನ ವಾರ ತನ್ನಿ” ಎಂದ. ಯತೀಶ್ ಹೂಂ ಅಂದ. ಅಷ್ಟರಲ್ಲಿ ಕೀಲಿ ತಿರುಗಿಸಿಯೂ ಆಗಿತ್ತು.

ಆ ಸದ್ದು ಕಂಠಪ್ಪನ ಎದೆಗೂಡಿನೊಳಗೇ ಹೊರಟಂತಾಯಿತು. ಅರಚಾಟವಲ್ಲ, ತುಂಬು ಗಂಟಲಿನ ಹೂಂಕಾರ. ಎದುರು ಸಾಲಿನ ಟಯರ್ ಅಂಗಡಿಯ ಚನ್ನಬಸವಣ್ಣ ಕೆಲಸ ಬಿಟ್ಟು ರಸ್ತೆ ದಾಟಿ ಬಂದ. ಯತೀಶ್ ಕಂಠಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಳಿಕೆರೆವರೆಗೆ ಓಡಿಸಿದ. ಗಾಜು ಇಳಿಸಿದ್ದರು. ಕಂಠಪ್ಪ ಎಳೆಯ ಹುಡುಗನಂತೆ ತಲೆ ಹೊರಗೆ ಹಾಕಿ ಕೂತಿದ್ದ.

ಮುಂದಿನ ವಾರ ಕಾರು ಬರಲಿಲ್ಲ. ಬಂದದ್ದು ಜೂನ್ ತಿಂಗಳಲ್ಲಿ, ಅದೂ ದಾರಿಯಲ್ಲಿ ಹೋಗುತ್ತ ಒಂದು ನಿಮಿಷ. ಯತೀಶ್ ಕಾರಿನೊಳಗಿಂದಲೇ ಕೂಗಿ ಹೇಳಿದ, “ನಮ್ಮವ್ವ ಈ ಕಾರಲ್ಲಿ ಕುಂತ್ರೆ ತಲೆನೋವು ಅಂತಾಳೆ ಕಂಠಣ್ಣ. ನಿಮ್ಮ ಸೌಂಡಿಗೆ ಹೆದರ್ಕೊಂಡವ್ಳೆ!”

ಕಂಠಪ್ಪ ನಕ್ಕ. ಇಬ್ಬರೂ ನಕ್ಕರು. ಕಾರು ಹೊರಟುಹೋಯಿತು. ಆ ನಗುವನ್ನು ಅವನು ಆಮೇಲೆ ಎಷ್ಟು ಸಾರಿ ನೆನೆಸಿಕೊಂಡು ಹಣೆ ಚಚ್ಚಿಕೊಂಡನೋ ಲೆಕ್ಕವಿಲ್ಲ.

ಜುಲೈನಲ್ಲಿ ಎಚ್.ಡಿ. ಕೋಟೆ ಕಡೆ ಮಳೆ ಹಿಡಿಯಿತು. ಬೀಚನಹಳ್ಳಿ ಅಣೆಕಟ್ಟೆಯ ಹತ್ತಿರ ರೆಸಾರ್ಟಿನಲ್ಲಿ ಕೆಲಸಕ್ಕಿದ್ದ ಗೆಳೆಯನನ್ನು ನೋಡಲು ಯತೀಶ್ ಒಂದು ಮಧ್ಯಾಹ್ನ ಹೊರಟಿದ್ದ. ದಾರಿ ಕಾಣದಷ್ಟು ಮಳೆ ಸುರಿದಾಗ ರಸ್ತೆ ಬದಿಯ ಆಲದ ಮರದ ಕೆಳಗೆ ಕಾರು ನಿಲ್ಲಿಸಿ, ಗಾಜು ಏರಿಸಿ, ಎ.ಸಿ. ಹಾಕಿಕೊಂಡು ಕೂತ. ಮಳೆ ನಿಂತ ಮೇಲೆ ಅಣೆಕಟ್ಟೆಯ ಕೆಲಸದವರು ಆ ದಾರಿಯಲ್ಲಿ ಬಂದರು. ಇಂಜಿನ್ ಓಡುತ್ತಲೇ ಇತ್ತು. ಹುಡುಗ ಸೀಟಿಗೆ ಒರಗಿ ಮಲಗಿದ್ದ. ಎಬ್ಬಿಸಿದರೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಎದೆ ನಿಂತುಹೋಗಿದೆ ಎಂದರು. ಮೈ ಕುಯ್ಯುವುದು ಬೇಡವೆಂದು ನಂಜುಂಡಸ್ವಾಮಿ ಎಲ್ಲರಿಗೂ ಕೈ ಮುಗಿದರು. ಮಾರನೇ ದಿನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಮೂರನೇ ದಿನ ಸುದ್ದಿ ತಂದವನು ಚನ್ನಬಸವಣ್ಣ. “ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಇಪ್ಪತ್ತಾರಕ್ಕೆ ಹಾರ್ಟು ಅಂದ್ರೆ ನಂಬಾದೆಂಗೆ ಕಂಠಪ್ಪ?”

ಕಂಠಪ್ಪ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. “ಮಕ ಎಂಗಿತ್ತಂತೆ?”

“ಅದೇ ಇಚಿತ್ರ ಕಣಯ್ಯ. ಕೆಂಪಗೆ ಕಳಕಳಾಂತ ಇತ್ತಂತೆ. ಸತ್ತೋನ ಮಕದಂಗೇ ಇರ್ಲಿಲ್ವಂತೆ.”

ಮೈಸೂರಿನ ಮುದಿ ಮೇಸ್ತ್ರಿ ಕೆಲಸ ಕಲಿಸುವಾಗ ಹೇಳಿದ್ದ. ಮುಚ್ಚಿದ ಶೆಡ್ಡಿನಲ್ಲಿ ಲಾರಿ ಇಂಜಿನ್ ಓಡಿಸಿಕೊಂಡು ಮಲಗಿದವನೊಬ್ಬ ಮತ್ತೆ ಏಳಲಿಲ್ಲ, ಅವನ ಕೆನ್ನೆ ಮದುವೆ ಗಂಡಿನ ಕೆನ್ನೆಯಂತಿತ್ತು ಎಂದು. ಈ ಹೊಗೆಗೆ ವಾಸನೆ ಕಮ್ಮಿ, ನಿದ್ದೆ ಬಂದಂತೆ ಬಂದು ಎತ್ತಿಕೊಂಡು ಹೋಗುತ್ತದೆ ಎಂದು. ಕಂಠಪ್ಪನಿಗೆ ಇನ್ನೇನೂ ಕೇಳುವುದು ಉಳಿಯಲಿಲ್ಲ. ಪಕ್ಕಕ್ಕೆ ಬಿಟ್ಟ ಪೈಪು, ನೆಲದ ತೂತು, ಉದುರಿಹೋಗಿರಬಹುದಾದ ಅಂಟಿನ ಉಂಡೆ, ತಾಯಿಯ ತಲೆನೋವು. ಊರಿಗೆಲ್ಲ ಒಗಟಾಗಿದ್ದುದು ಅವನೊಬ್ಬನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಹೆಂಡತಿಗೆ ಹೇಳಿದ. ಸುನಂದಮ್ಮ, “ಹೋಗಿ ಹೇಳಿದ್ರೆ ಮಗ ಎದ್ದು ಬತ್ತಾನಾ? ಸುಮ್ಕಿರಿ” ಅಂದಳು. ಅವನು ಸುಮ್ಮನಿದ್ದ. ಅಂಗಡಿ ತೆರೆಯುತ್ತಿದ್ದ, ಬೆಸೆಯುತ್ತಿದ್ದ, ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದ.

ಎರಡು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ನಾಲ್ಕೂವರೆಯ ಹೊತ್ತಿಗೆ ಕಾಲೇಜಿನ ಹುಡುಗಿಯೊಬ್ಬಳು ಅಂಗಡಿ ಮುಂದೆ ನಿಂತಳು. ಯತೀಶನ ತಂಗಿ ರಮ್ಯಶ್ರೀ.

“ಅಂಕಲ್, ನೀವೇ ಅಲ್ವಾ ಅಣ್ಣನ ಕಾರಿಗೆ ಪೈಪ್ ಹಾಕಿದ್ದು? ಅದರ ಸೌಂಡು ಮೊದಲಿನಂಗೆ ಇಲ್ವಂತೆ. ಒಂದ್ಸಲ ಬಂದು ನೋಡ್ಬೇಕಂತೆ. ಅಮ್ಮ ಹೇಳಿ ಕಳಿಸಿದ್ರು.”

“ಕಾರ್ ಯಾರು ಓಡಿಸ್ತಾರವ್ವ ಈಗ?”

“ಯಾರೂ ಇಲ್ಲ. ಹೊಗೆಸೊಪ್ಪಿನ ಶೆಡ್ಡಲ್ಲಿ ನಿಂತದೆ. ಅಮ್ಮ ದಿನಾ ಸಂಜೆ ಸ್ಟಾರ್ಟ್ ಮಾಡ್ಕೊಂಡು ಒಳಗೆ ಕೂರ್ತಾರೆ. ಆ ಸೌಂಡ್ ಕೇಳಿದ್ರೆ ಅಣ್ಣ ಬಂದಂಗಾಗ್ತದಂತೆ. ಮೊದಮೊದಲು ಐದು ನಿಮಿಷ ಕೂರ್ತಿದ್ರು. ಈಗ ಕರೆದ್ರೂ ಎದ್ದು ಬರಲ್ಲ. ಬಂದ ಮೇಲೆ ವಾಂತಿ ಮಾಡ್ಕೊಳ್ತಾರೆ. ದುಃಖಕ್ಕೆ ಹಂಗಾಗ್ತದೆ ಅಂತಾರೆ ಅಪ್ಪ.”

ಕಂಠಪ್ಪ ಎದ್ದು ನಿಂತ. “ಈಗ ಎಲ್ಲವ್ರೆ ನಿಮ್ಮಮ್ಮ?”

“ಈ ಹೊತ್ತಿಗೆ ಕಾರಲ್ಲೇ ಇರ್ತಾರೆ.”

ಎಸ್.ಟಿ.ಡಿ. ಬೂತಿಗೆ ಓಡಿದರು. ಮನೆಯ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಕಂಠಪ್ಪ ಚನ್ನಬಸವಣ್ಣನ ಕೈಯಿಂದ ಜೀಪಿನ ಕೀಲಿ ಕಿತ್ತುಕೊಂಡಂತೆ ತೆಗೆದುಕೊಂಡು, ಹುಡುಗಿಯನ್ನು ಹತ್ತಿಸಿಕೊಂಡು ಪಿರಿಯಾಪಟ್ಟಣದ ರಸ್ತೆ ಹಿಡಿದ. ಯಾಕೆ, ಏನು ಎಂದು ಅವಳು ಕೇಳುತ್ತಿದ್ದಳು. ಅವನು ಆಕ್ಸಿಲರೇಟರ್ ತುಳಿದೇ ಇದ್ದ.

ಹಳ್ಳಿ ಮುಟ್ಟಿದಾಗ ಜಿನುಗು ಮಳೆ. ಎರಚಲು ಬಾರದಿರಲೆಂದು ಶೆಡ್ಡಿನ ತಗಡಿನ ಬಾಗಿಲು ಎಳೆದುಕೊಂಡಿತ್ತು. ಒಳಗಿಂದ ಅವನೇ ಹುಟ್ಟಿಸಿದ ಆ ಹೂಂಕಾರ ಕೇಳುತ್ತಿತ್ತು. ಬಾಗಿಲು ತಳ್ಳಿದ. ಯತೀಶನ ತಾಯಿ ವಿಮಲಮ್ಮ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಮಲಗಿದ್ದರು.

ಕೀಲಿ ತಿರುಗಿಸಿ ಇಂಜಿನ್ ಆರಿಸಿ, ಅವರನ್ನು ಎರಡೂ ತೋಳಲ್ಲಿ ಎತ್ತಿ ತಂದು ಅಂಗಳದ ಮಳೆಯಲ್ಲೇ ಮಲಗಿಸಿದ. ರಮ್ಯಶ್ರೀ ಅಮ್ಮಾ ಅಮ್ಮಾ ಎಂದು ಕೆನ್ನೆ ತಟ್ಟುತ್ತಿದ್ದಳು. ಕೊನೆಗೊಮ್ಮೆ ವಿಮಲಮ್ಮ ಕೆಮ್ಮಿದರು, ವಾಂತಿ ಮಾಡಿಕೊಂಡರು, ಕಣ್ಣು ಬಿಟ್ಟರು. ಎದುರಿಗಿದ್ದ ಅಪರಿಚಿತನನ್ನು ನೋಡಿ, “ಯಾಕ್ ಆಫ್ ಮಾಡಿದ್ರಿ?” ಎಂದರು.

ಹೊಲದಿಂದ ಓಡಿಬಂದ ನಂಜುಂಡಸ್ವಾಮಿಯವರನ್ನು ಕಂಠಪ್ಪ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದ. ಯಾವುದನ್ನೂ ಬಿಡಲಿಲ್ಲ. ಅವರು ಗೋಡೆಗೆ ಕೈ ಕೊಟ್ಟು ನಿಂತು ಕೇಳಿದರು.

“ಹಿಂಗಾಯ್ತದೆ ಅಂತ ಅವನಿಗೆ ಹೇಳಿದ್ರಾ ನೀವು?”

“ಒಂದ್ಸಲ ಏಳ್ದೆ ಸ್ವಾಮಿ. ಗಟ್ಟಿಯಾಗಿ ಏಳ್ನಿಲ್ಲ. ಸೌಂಡು ಕೇಳಿ ನಂಗೂ ಖುಷಿಯಾಗೋಗಿತ್ತು.”

ಹೊಡೆಯಲಿ ಎಂದು ಅವನು ಕಾಯುತ್ತಿದ್ದ. ಹೊಡೆದಿದ್ದರೆ ಚೆನ್ನಾಗಿತ್ತು. ನಂಜುಂಡಸ್ವಾಮಿ ಸೊಂಟದ ಟವೆಲ್ಲಿನಿಂದ ಮುಖ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು, “ಇವಳಿಗೆ ಗೊತ್ತಾಗಕೂಡದು. ತಲೆನೋವು ಅಂತ ಮೊದ್ಲು ಹೇಳಿದ್ದೇ ಇವಳು. ಅವತ್ತೇ ಹಟ ಮಾಡಿ ಕಾರು ಬುಡಿಸಬೌದಾಗಿತ್ತಲ್ಲ ಅಂತ ಇದೇ ಕೊರಗಲ್ಲಿ ಹೋಗ್ಬುಡ್ತಾಳೆ. ಆ ಪೈಪು ಬಿಚ್ಚಾಕಿ. ಆಮೇಲೆ ನಮ್ಮನೆ ಕಡೆ ಬರಬ್ಯಾಡಿ.”

ಬೆಳಗಾದ ಮೇಲೆ ಗ್ಯಾಸಿನ ಸಿಲಿಂಡರು ತಂದು ಒಂಬತ್ತು ದಿನದ ಕೆಲಸವನ್ನು ಅರ್ಧ ಗಂಟೆಯಲ್ಲಿ ಕತ್ತರಿಸಿ ತೆಗೆದ. ಇಂಜಿನ್ ಕೆಟ್ಟಿದೆ ಎಂದು ವಿಮಲಮ್ಮನವರಿಗೆ ಹೇಳಿದರು. ಅವರು ಜಗಲಿಯ ಕಂಬಕ್ಕೆ ಒರಗಿ, ಕೆಳಗೆ ಬಿದ್ದ ತುಂಡುಗಳನ್ನೇ ನೋಡುತ್ತ ಕೂತಿದ್ದರು. ವಾರದೊಳಗೆ ಕಾರೂ ಮೈಸೂರಿನ ಗುಜರಿ ಸೇರಿತು.

ಸಂಕ್ರಾಂತಿ ಕಳೆದ ಮೇಲೆ ವಿಮಲಮ್ಮ ಒಬ್ಬರೇ ಬಸ್ಸಿನಲ್ಲಿ ಬಂದು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತರು. ತುಂಬ ಇಳಿದುಹೋಗಿದ್ದರು.

“ನಿಜ ಹೇಳಿ. ಅವನು ಹೋಗಿದ್ದು ಆ ಕಾರಿಂದ್ಲಾ?”

ಅವರ ಕಾಲಿಗೆ ಬಿದ್ದು ಅತ್ತುಬಿಡಬೇಕೆಂದು ಕಂಠಪ್ಪನಿಗೆ ಆರು ತಿಂಗಳಿಂದ ಆಸೆ. ಆ ಗಳಿಗೆ ತಾನಾಗಿ ಬಂದು ಎದುರಿಗೆ ಕೂತಿತ್ತು.

“ಇಲ್ಲ ಕಣಮ್ಮಾರೆ,” ಎಂದ. “ಕಾರು ಚೆನ್ನಾಗಿತ್ತು. ಅವರ ಎದೆ ನಿಂತೋಯ್ತು ಅಷ್ಟೇಯ.”

ವಿಮಲಮ್ಮ ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಮಗ ಈ ಅಂಗಡಿಯಲ್ಲಿ ಏನೇನು ಮಾತಾಡುತ್ತಿದ್ದ ಎಂದು ಕೇಳಿದರು. ಕಂಠಪ್ಪ ನೆನಪಿದ್ದಷ್ಟು ಹೇಳಿದ. ಕೇಳಿಸಿಕೊಂಡು, ಐದೂವರೆಯ ಬಸ್ಸಿಗೆ ಹೋದರು. ಮತ್ತೆ ಬರಲಿಲ್ಲ.

ಆಮೇಲಾಮೇಲೆ ಹುಣಸೂರಿನ ಹುಡುಗರು ಬೈಕುಗಳಿಗೆ ಸೌಂಡಿನ ಪೈಪು ಹಾಕಿಸಿಕೊಳ್ಳಲು ಸಾಲುಗಟ್ಟಿದರು. ಕೆಂಪು ಕಾರಿನ ಹೆಸರು ಹೇಳಿಕೊಂಡೇ ಬಂದವರೂ ಇದ್ದರು. ಅವನು ಒಬ್ಬರಿಗೂ ಹಾಕಿಕೊಡಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಸೊಕ್ಕು ಬಂದಿದೆ ಎಂದರು, ಕೈ ಕೆಟ್ಟಿದೆ ಎಂದರು. ಗಿರಾಕಿಗಳು ಕಡಿಮೆಯಾಗಿ ಎರಡು ಸಾವಿರದ ಏಳರಲ್ಲಿ ಅಂಗಡಿ ಮುಚ್ಚಿ ಗಂಡ ಹೆಂಡಿರು ಮಿರ್ಲೆಗೆ ಹಿಂತಿರುಗಿದರು. ಅಣ್ಣನ ಗದ್ದೆಯಲ್ಲಿ ಅವನೀಗ ನೀರು ತಿರುವುತ್ತಾನೆ. ಸಾಲಿಗ್ರಾಮಕ್ಕೋ ಕೆ.ಆರ್. ನಗರಕ್ಕೋ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕದ ಸೀಟೇ ಆಗಬೇಕು. ಎಂಥ ಮಳೆಯಲ್ಲೂ ಗಾಜು ಮುಚ್ಚಗೊಡುವುದಿಲ್ಲ. ನೆನೆದವರು ಬೈಯುತ್ತಾರೆ. ಅವನು ಹೊರಗೆ ನೋಡುತ್ತ ಕೂತಿರುತ್ತಾನೆ. ಸುನಂದಮ್ಮ ಹಿಂದಕ್ಕೆ ತಿರುಗಿ, “ಅವರಿಗೆ ಉಸ್ರು ಕಟ್ತದೆ ಕಣ್ರಪ್ಪ, ಒಸಿ ಸೈರಿಸ್ಕಳಿ” ಎಂದು ಹೇಳಿ, ಒದ್ದೆಯಾದ ಸೆರಗನ್ನು ಹಿಂಡಿಕೊಳ್ಳುತ್ತಾಳೆ.