ಮಾಸ್ತರು ಎಳೆದ ಗೆರೆಗಳು

೧೯೭೮ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ ನಾನು ಶಾಲೆ ಬಿಟ್ಟೆ. ಅಕ್ಷರವನ್ನೇನೂ ಬಿಡಲಿಲ್ಲ. ಮರುವಾರವೇ ಆಳಂದದ ಬಸ್‌ಸ್ಟ್ಯಾಂಡ್ ಹಿಂದಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ನಿಂತೆ. ಹದಿನೆಂಟು ವರ್ಷ ಸೀಸದ ಅಕ್ಷರ ಜೋಡಿಸಿದೆ. ಆಮೇಲೆ ಮಾಲಕರು ಕಂಪ್ಯೂಟರ್ ತಂದಾಗ, ಇಂಗ್ಲಿಷ್ ಓದಿದ ಇಬ್ಬರು ಹುಡುಗರು ಬಂದು ಕೈಚೆಲ್ಲಿ ಹೋದರು, ನಾನು ಕಲಿತೆ. ಯಾರೂ ಕಲಿಸಲಿಲ್ಲ.

ಹೋದ ತಿಂಗಳು ನನ್ನ ಅಂಗಡಿಯಲ್ಲಿ ಹೊಸ ಸಾಫ್ಟ್‌ವೇರ್ ಹಾಕುವಾಗ ಪರದೆಯ ನಡುವೆ ಒಂದು ಚೌಕ ಮೂಡಿತು. ನೀವು ಮಾಡಿಕೊಂಡ ಸೆಟ್ಟಿಂಗ್ ಎಲ್ಲವನ್ನೂ ತೆಗೆಯಲೇ ಎಂದು ಕೇಳುತ್ತಿತ್ತು. ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು... ಎದ್ದು ಹೊರಗೆ ಹೋದೆ, ಚಹಾ ಕುಡಿದೆ, ಬಂದು ಕೂತೆ, ಮತ್ತೆ ಎದ್ದೆ. ಚೌಕ ಹಾಗೇ ಕಾಯುತ್ತಿತ್ತು.

ಇಂಥದೇ ಚೌಕಕ್ಕೆ ನಾನು ಹಿಂದೊಮ್ಮೆ ಹೌದು ಅಂದಿದ್ದೆ. ತೊಂಬತ್ತೆಂಟರಲ್ಲಿ.

ನೆಲೋಗಿಯ ಸಂಗೀತದ ಮಾಸ್ತರು ಆ ವರ್ಷ ಪ್ರೆಸ್ಸಿಗೆ ಬಂದರು. ಜೇವರ್ಗಿಯಲ್ಲಿ ವಾರಕ್ಕೆರಡು ದಿನ ಕ್ಲಾಸು ನಡೆಸುತ್ತಿದ್ದರು. ಹೊಲದ ಕೆಲಸ ಮುಗಿಸಿದ ಹೆಂಗಸರು, ಕಿರಾಣಿ ಅಂಗಡಿಯವರು, ಭಜನೆ ತಂಡದವರು ಅವರ ಶಿಷ್ಯರು. ಸಣ್ಣವರಿಗೂ ಬರ್ರಿ, ಹೋಗ್ರಿ ಅನ್ನುವ ಮನುಷ್ಯ. ಕೈಚೀಲದಿಂದ ನೂರು ಪುಟದ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಗೊಬ್ಬೂರಿನಲ್ಲಿದ್ದ ಅವರ ಸೋದರತ್ತೆ ಹಾಡುತ್ತಿದ್ದ ವಚನಗಳು, ಇಪ್ಪತ್ತಮೂರು, ಸ್ವರ ಹಾಕಿ ಬರೆದದ್ದು. ಅತ್ತೆ ತೀರಿಕೊಂಡಿದ್ದರು. ಆ ಧಾಟಿಗಳು ಗೊತ್ತಿದ್ದದ್ದು ಇವರೊಬ್ಬರಿಗೇ. ಇವರ ಗಂಟಲು ಆಗಲೇ ಒಡೆದಿತ್ತು. ಮಾತು ಗಾಳಿಯಂತೆ ಬರುತ್ತಿತ್ತು.

"ಗುಲ್ಬರ್ಗಾದಾಗ ಎರಡು ಪ್ರೆಸ್ಸಿನವರು ಆಗಂಗಿಲ್ಲ ಅಂದ್ರು," ಅಂದರು. "ಗೆರಿ, ಚುಕ್ಕಿ ಭಾಳ ಅವ ಅಂತ."

"ಅವರಿಗಿ ಆಗಂಗಿಲ್ರಿ," ಅಂದೆ. "ನನಗಾಗ್ತದ."

ಗೆರೆ ಅಂದರೆ ಇಷ್ಟೇ: ಸ್ವರದ ಅಕ್ಷರದ ಕೆಳಗೆ ಅಡ್ಡಗೆರೆ ಬಿದ್ದರೆ ಆ ಸ್ವರವನ್ನು ಸ್ವಲ್ಪ ಇಳಿಸಿ ಹಾಡಬೇಕು. ಚುಕ್ಕೆ, ಸ್ವರ ಮೇಲಿನ ಸ್ಥಾಯಿಯದೋ ಕೆಳಗಿನದೋ ಹೇಳುತ್ತದೆ. ಇವು ಹೋದರೆ ಹಾಡು ಬೇರೆಯಾಗುತ್ತದೆ. ಆ ಸಾಫ್ಟ್‌ವೇರಿನಲ್ಲಿ ಇಂಥ ಅಕ್ಷರಗಳಿರಲಿಲ್ಲ. ನಮ್ಮದೇ ಚಿಹ್ನೆ ಮಾಡಿ ಇಟ್ಟುಕೊಳ್ಳುವ ಒಂದು ಪಟ್ಟಿ ಇತ್ತು. ಒಂಬತ್ತು ದಿನ ಕೂತು ಅಲ್ಲಿ ಸ್ವರದ ಮೇಲೆ, ಕೆಳಗೆ ಕೂರುವ ಗೆರೆ, ಚುಕ್ಕೆ ಎಲ್ಲ ಕೂಡಿಸಿ, ಒಂದೊಂದಕ್ಕೆ ಒಂದೊಂದು ಕೀಲಿ ಕೊಟ್ಟೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಕೈ ಸುಮ್ಮನಿರಲಿಲ್ಲ. ಸಾಲು ಶುರುವಾಗುವಲ್ಲಿ ಒಂದು ಹೂವು, ಸ್ವರ ಎಳೆಯುವಲ್ಲಿ ಒಂದು ಬಳ್ಳಿ, ಪಲ್ಲವಿ ಮುಗಿದಲ್ಲಿ ಒಂದು ಕಲಶ. ಅವುಗಳಲ್ಲೂ ಹತ್ತಾರು ನಮೂನೆ ಮಾಡಿ ಅದೇ ಪಟ್ಟಿಗೆ ಸೇರಿಸಿದೆ. ಇಂಥ ಪುಸ್ತಕ ಜಿಲ್ಲೆಯಲ್ಲೇ ಆಗಿಲ್ಲ ಅಂತ ನನ್ನಷ್ಟಕ್ಕೆ ನಾನೇ ಅಂದುಕೊಂಡೆ.

ಮಾಸ್ತರು ಪ್ರೂಫ್ ನೋಡಿದರು. ಬಹಳ ಹೊತ್ತು ನೋಡಿದರು.

"ತಮ್ಮಾ," ಅಂದರು, "ನಾ ಹಾಡ ತಂದು ಕೊಟ್ಟೀನಿ, ನೀವು ಲಗ್ನಪತ್ರಿಕಿ ಮಾಡೀರಿ."

ಮಾಲಕರು ಕುರ್ಚಿ ಅಲುಗುವಂತೆ ನಕ್ಕರು. "ವರ ಯಾರು, ವಧು ಯಾರು ಅಂತನೂ ಹಾಕಿಬಿಡೋ," ಅಂದರು ನನಗೆ. ಮಾಸ್ತರು ನಗಲಿಲ್ಲ. "ಹೂ, ಬಳ್ಳಿ ತೆಗೀರಿ, ಹಾಡವರ ಕಣ್ಣು ಅಲ್ಲೇ ಹೋಗ್ತದ. ಗೆರಿ, ಚುಕ್ಕಿ ಇರಲಿ. ಮತ್ತ ತೋರಸೂದು ಬ್ಯಾಡ, ನನಗ ಸೊಲ್ಲಾಪುರಕ್ಕ ದವಾಖಾನಿಗಿ ಹೋಗೂದದ. ನಿಮ್ಮ ಮ್ಯಾಲ ಭರೋಸಾ ಅದ," ಅಂದರು.

ಭರೋಸಾ ಅಂದದ್ದು ನನಗೆ ಕೇಳಲಿಲ್ಲ. ಲಗ್ನಪತ್ರಿಕೆ ಅಂದದ್ದೇ ಕಿವಿಯಲ್ಲಿ ಕುದಿಯುತ್ತಿತ್ತು. ಪಟ್ಟಿಯಿಂದ ಒಂದೊಂದೇ ಚಿಹ್ನೆ ಆರಿಸಿ ತೆಗೆಯಬೇಕಿತ್ತು, ಹೂವು, ಬಳ್ಳಿಯವೇ ನಲವತ್ತರ ಹತ್ತಿರ ಇದ್ದವು. ಎರಡು ತೆಗೆದೆ, ಮೂರು ತೆಗೆದೆ. ಸಿಟ್ಟಿಗೆ ತಾಳ್ಮೆ ಎಲ್ಲಿಯದು? ಪಟ್ಟಿಯ ಕೆಳಗೆ ಎಲ್ಲವನ್ನೂ ಒಮ್ಮೆಲೇ ತೆಗೆಯುವ ಗುಂಡಿ ಇತ್ತು. ಒತ್ತಿದೆ. ಇಂಗ್ಲಿಷಿನಲ್ಲಿ ಏನೋ ಕೇಳಿತು. ಎಲ್ಲದಕ್ಕೂ ಎಡಗಡೆಯದನ್ನು ಒತ್ತಿ ಅಭ್ಯಾಸ, ಒತ್ತಿದೆ.

ಪುಟ ತೊಳೆದಂತಾಯಿತು. ಹೂವಿಲ್ಲ, ಬಳ್ಳಿಯಿಲ್ಲ, ಸ್ವರದ ಅಕ್ಷರಗಳು ಸಾಲಾಗಿ ನಿಂತಿದ್ದವು. ಚೆಂದ ಕಂಡಿತು. ಹಾಡು ಬಾರದ, ಸಿಟ್ಟು ತುಂಬಿದ ನನ್ನ ಕಣ್ಣಿಗೆ ಗೆರೆ, ಚುಕ್ಕೆಯೂ ಹೋದದ್ದು ಕಾಣಲಿಲ್ಲ. ಇನ್ನೂರು ಪ್ರತಿ ಹೊಡೆದೆವು. ಮುಗಿದ ಕೆಲಸದ ಕೈಬರಹ, ಪ್ರೂಫ್ ಹಾಳೆ ಎಲ್ಲ ಮಷಿನ್ನಿನ ರೋಲರ್ ಒರೆಸಲು ಹೋಗುವುದು ನಮ್ಮಲ್ಲಿ ರೂಢಿ. ಅವರ ನೋಟ್‌ಬುಕ್ಕೂ ಹೋಯಿತು.

ಪುಸ್ತಕ ಒಯ್ಯಲು ಬಂದಾಗ ಮಾಸ್ತರು ಮೊದಲ ಪುಟ ತೆಗೆದರು. ನಡುವಿನದೊಂದು ತೆಗೆದರು. ಕೊನೆಯದು ತೆಗೆದರು. ಮುಚ್ಚಿ, ಮೇಲೆ ಕೈಯಿಟ್ಟುಕೊಂಡು ಕೂತರು.

"ಸ್ವಚ್ಛ ಆಗ್ಯಾದ," ಅಂದರು.

ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ.

ಆರು ತಿಂಗಳಾಗಿರಬೇಕು... ಜೇವರ್ಗಿಯ ಒಬ್ಬ ಹೆಣ್ಣುಮಗಳು ಪ್ರೆಸ್ಸಿಗೆ ಬಂದಳು. ಅಂಗನವಾಡಿಯಲ್ಲಿ ಕೆಲಸ, ಮಾಸ್ತರ ಶಿಷ್ಯೆ. ಚೀಲದಿಂದ ನಮ್ಮ ಪುಸ್ತಕ ತೆಗೆದು ತೋರಿಸಿದಳು. ಸ್ವರಗಳಿಗೆ ನೀಲಿ ಪೆನ್ನಿನ ಚುಕ್ಕೆ, ಕೆಳಗೆ ಗೆರೆಗಳು. ಅಡಿಪಟ್ಟಿಯಿಟ್ಟು ಎಳೆದಷ್ಟು ನೆಟ್ಟಗೆ.

"ಇವು ಏನ್ರಿ?" ಅಂದೆ.

"ಮಾಸ್ತರು ಹಾಕ್ಯಾರ್ರಿ. ಹಾರ್ಮೋನಿಯಂ ಮ್ಯಾಲ ಒಂದು ಹಾಡ ಕಲಿಸೂ ಮೊದಲ ಎಲ್ಲಾ ಪುಸ್ತಕಕ್ಕೂ ಅದರ ಗೆರಿ ಎಳಿತಾರ. ಅಚ್ಚಿನ ಮಷಿನ್ಯಾಗ ಗೆರಿ ಬರಂಗಿಲ್ಲಂತಲ್ರಿ, ಕೈಲೇ ಹಾಕ್ಬೇಕಂತ."

ಒಳಗೆ ಹೋಗಿ ನೀರು ಕುಡಿದು ಬಂದೆ.

"ಹದಿನೆಂಟನೇ ಹಾಡ ನಡದದ್ರಿ," ಅಂದಳು. "ಇನ್ನ ಐದು ಅವ. ಮಾಸ್ತರಿಗಿ ಆರಾಮಿಲ್ಲ. ಅವರ ನೋಟ್‌ಬುಕ್ ಕೊಟ್ರ ನೋಡಿಕೋತ ನಾವೇ ಗೆರಿ ಹಾಕ್ತೀವ್ರಿ. ಇಸಕೊಂಡು ಬಾ ಅಂದಾರ."

ಆಗಲೇ ಹೇಳಬಹುದಿತ್ತು. ಮಾಲಕರು ಕೇಳುವಷ್ಟು ಹತ್ತಿರ ಕೂತಿದ್ದರು.

"ಹುಡುಕಿ ಇಡ್ತೀನ್ರಿ," ಅಂದೆ.

ಆ ವಾರ ರೋಲರಿನ ಕೆಳಗಿನ ಡಬ್ಬ ಬುಡಮೇಲು ಮಾಡಿದೆ, ಎಂದೋ ಸುಟ್ಟ ಕಾಗದ ಹುಡುಕಿದಂತೆ. ಫೈಲು ತೆಗೆದು ನೋಡಿದರೆ ಅಲ್ಲಿಯೂ ಬರೀ ಅಕ್ಷರ. ಸೋಮವಾರ ರಜೆ ಹಾಕಿ, ಎರಡು ಬಸ್ಸು ಬದಲಿಸಿ ನೆಲೋಗಿಗೆ ಹೋದೆ. ಹೇಳಿಯೇ ಬರುವುದು ಅಂತ ಹೋದೆ.

ಮಾಸ್ತರು ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ದನಿ ಪೂರಾ ಹೋಗಿತ್ತು. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ನು. ಹದಿನೆಂಟನೇ ಹಾಡಿನದೇ ಮೂವತ್ತು ಪ್ರತಿ ಬಾಕಿ ಇದ್ದವು. ಪಕ್ಕದಲ್ಲಿ ಕೂಡಲು ಕೈ ತೋರಿಸಿದರು. ಒಂದು ಚೀಟಿಯ ಮೇಲೆ ಬರೆದು ಕೊಟ್ಟರು: "ನೋಟ್‌ಬುಕ್ ಸಿಕ್ತೇನ್ರಿ?"

ಅವರಿಗೆ ಇನ್ನೂ ಬರೆಯಲು ಕೈ ಆಡುತ್ತಿತ್ತು. ಐದು ಹಾಡು, ಒಂದೇ ಪ್ರತಿಗೆ ಗೆರೆ ಎಳೆಯಲು ಎಷ್ಟು ಹೊತ್ತು? ಒಂದು ತಾಸು. ನೋಟ್‌ಬುಕ್ ಇಲ್ಲ, ನಾನು ಕಳೆದೆ ಅಂದಿದ್ದರೆ ಅಲ್ಲೇ, ಆಗಲೇ, ನನ್ನ ಕಣ್ಣ ಮುಂದೆ ಎಳೆಯುತ್ತಿದ್ದರು. ಬಾಯಿ ತೆಗೆದೆ. ನನಗಾಗ್ತದ ಅಂದಿದ್ದ ಅದೇ ಬಾಯಿ.

"ಸಿಗ್ತದ್ರಿ," ಅಂದೆ. "ಪ್ರೆಸ್ಸಿನ್ಯಾಗೇ ಅದ."

ಮಾಸ್ತರು ತಲೆಯಾಡಿಸಿದರು. ನಿಶ್ಚಿಂತರಾದವರಂತೆ ಹದಿನೆಂಟನೇ ಹಾಡಿನ ಗೆರೆ ಎಳೆಯತೊಡಗಿದರು. ನಾನು ಒಂದೊಂದೇ ಪುಸ್ತಕ ಪುಟ ತೆಗೆದು ಕೊಟ್ಟೆ, ಅವರು ಎಳೆದರು. ಮೂವತ್ತೂ ಮುಗಿದ ಮೇಲೆ ಪೆನ್ನಿನ ಟೋಪಿ ಹಾಕಿ, ನನ್ನ ಬೆನ್ನು ತಟ್ಟಿದರು.

ಹದಿನೈದು ದಿನದಲ್ಲಿ ಅವರನ್ನು ಸೊಲ್ಲಾಪುರದ ದವಾಖಾನೆಗೆ ಒಯ್ದರು. ಅಲ್ಲಿಂದ ಬರಲಿಲ್ಲ.

ಆಮೇಲೆ ಗೊಬ್ಬೂರಿಗೆ ಎಷ್ಟು ಸಲ ಹೋದೆನೋ. ವಯಸ್ಸಾದ ಹೆಂಗಸರನ್ನು ಕೂಡಿಸಿ ಆ ಐದು ವಚನ ಓದಿ ಹೇಳಿದೆ. ಅವರಿಗೆ ಮಾತು ಗೊತ್ತು, ಆ ಅತ್ತೆಯ ಧಾಟಿ ಗೊತ್ತಿಲ್ಲ. ಜೇವರ್ಗಿಯ ಶಿಷ್ಯೆ ಅಂದಾಜಿನ ಮೇಲೆ ಹಾಡಿ ನೋಡಿದಳು. ಎಲ್ಲಿ ಗೆರೆ ಹಾಕಿದರೂ ಒಂದು ಹಾಡಾಗುತ್ತದೆ. ಅದು ಅತ್ತೆಯದೇ ಎಂದು ಹೇಳುವವರು ಯಾರೂ ಇಲ್ಲ. ನೋಟ್‌ಬುಕ್ ಎಲ್ಲೋ ಕಳೆದಿದೆ ಅಂತ ಅವಳು ಇವತ್ತಿಗೂ ನಂಬಿದ್ದಾಳೆ. ಇದನ್ನು ಓದಿದರೆ ತಿಳಿಯುತ್ತದೆ. ತಿಳಿಯಲಿ.

ಈಗ ನನಗೆ ಸ್ವಂತ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಆಫ್‌ಸೆಟ್ ಮಷಿನ್, ಕೆಲಸಕ್ಕೆ ಮೂವರು. ಹೋದ ತಿಂಗಳ ಆ ಚೌಕಕ್ಕೆ ಕೊನೆಗೆ ಬೇಡ ಅಂತಲೇ ಒತ್ತಿದೆ. ಮಾಸ್ತರ ಪುಸ್ತಕದ ಒಂದು ಪ್ರತಿ ಇದೆ. ಅದರಲ್ಲಿ ಹಾಡುಗಳು ಇಪ್ಪತ್ತಮೂರು. ಹಾಡಲು ಬರುವವು ಹದಿನೆಂಟು.